ಇಳಿದ ನಾಯಿ ಹತ್ತಿ ಬರಬೇಕು

— ಮೌಶಿ, ಒಂದು ಮಾತು ಕೇಳ್ತೀನ್ರಿ. ಈ ಊರಾಗ ನಾಯಿಗೆ ಈಸ ಬೀಳಾಕ ಜಾಗಾ ಎಲ್ಲೈತಿ?

— ಈಸ ಬೀಳಾಕ? ಮೊದಲ ಅಡ್ಡ್ಯಾಡಾಕ ಎಲ್ಲೈತಿ ಅಂತ ಕೇಳು ತಮ್ಮಾ. ಏನಂತ ಹೆಸರು ಇದಕ್ಕ?

— ಪೇಢಾ ಅಂತ್ರಿ. ಬಣ್ಣ ನೋಡಿ ನನ್ನ ಹೇಣ್ತಿ ಇಟ್ಟಾಳ. ಲ್ಯಾಬ್ರಡಾರು. ಬೆಂಗಳೂರಾಗ ಫ್ಲ್ಯಾಟಿನ್ಯಾಗ ಬೆಳದದ್ದು. ಧಾರವಾಡಕ್ಕ ವರ್ಗ ಆತು ಅಂದಾಗ ನಮಗಿಂತ ಇದಕ್ಕ ಚಲೋ ಆತು ಅಂತ ತಿಳದಿದ್ದೆ. ಸಾಧನಕೇರಿ, ಕೆಲಗೇರಿ, ನುಗ್ಗಿಕೇರಿ, ಕೊಪ್ಪದಕೇರಿ… ಹೆಸರಿಗೊಂದು ಕೆರಿ ಇರೂ ಊರು. ಬಂದು ನೋಡಿದ್ರ ಗೇಟಿಗೊಂದು ಬೋರ್ಡು. ಮೊನ್ನೆ ಒಂದು ಕೆರಿ ಉದ್ಯಾನದಾಗ ನನಗ ತಿಕೀಟು ಹರದು ಕೊಟ್ರು, ಇದನ್ನ ಹೊರಗ ಕಟ್ಟಿ ಬರ್ರಿ ಅಂದ್ರು.

— ಅವರದೇನು ತಪ್ಪೈತಿ? ಒಳಗ ಸಣ್ಣ ಹುಡುಗ್ರು ಹುಲ್ಲಿನ ಮ್ಯಾಲ ಕುಂತು ಗಿರ್ಮಿಟ್ ತಿಂತಿರ್ತಾವ. ನಿನ್ನ ಪೇಢಾ ಅಲ್ಲೇ ಕಾಲೆತ್ತಿದ್ರ ಯಾರು ತೊಳೀಬೇಕು? ಆದ್ರ ಒಂದು ಮಾತು ಖರೆ. ಕೆರಿನ ಎಷ್ಟು ಚಂದ ಮಾಡ್ತಾರೋ ಅಷ್ಟು ಅದು ನಾಯಿಗೆ ದೂರ ಆಗ್ತೈತಿ.

— ಹ್ಯಾಂಗ್ರಿ?

— ಹುಬ್ಬಳ್ಳಿ ತೋಳನಕೆರಿ ನೋಡಿಯೇನು? ಮೊದಲ ಜೇಕು, ಕೆಸರು, ಎಮ್ಮಿ. ನಾತಾನೂ ಬರ್ತಿತ್ತು, ಸುಳ್ಳ್ಯಾಕ ಹೇಳ್ಲಿ. ಈಗ ಸ್ಮಾರ್ಟ್ ಸಿಟಿ ರೊಕ್ಕದಾಗ ಸುತ್ತ ಫುಟ್‌ಪಾತು, ದೀಪ, ಹುಡುಗ್ರಿಗೆ ಆಡಾಕ ಜೋಕಾಲಿ. ಮನಶ್ಯಾರಿಗೆ ಭಾಳ ಚಲೋ ಆಗೈತಿ, ಸಂಜಿಮುಂದ ಮುದುಕ್ರು ನಡ್ಯೂದು ನೋಡಿದ್ರ ನನಗೂ ಸಂತೋಷನ. ಆದ್ರ ದಂಡಿಗೆ ಕಲ್ಲು ಕಟ್ಟಿ ಕಂಬಿ ಬಡದ ಮ್ಯಾಲ ಕೆರಿ ನೋಡೂ ವಸ್ತು ಆತು, ಇಳ್ಯೂ ವಸ್ತು ಉಳೀಲಿಲ್ಲ. ಎಮ್ಮಿಗಿಲ್ಲ, ಅರಬಿ ಒಗ್ಯಾವ್ರಿಗಿಲ್ಲ, ನಾಯಿಗಂತೂ ಇಲ್ಲೇ ಇಲ್ಲ.

— ಉಣಕಲ್ ಕೆರಿ?

— ಸುತ್ತ ಅಡ್ಡ್ಯಾಡು, ನಡುವಿನ ವಿವೇಕಾನಂದರ ಮೂರ್ತಿ ನೋಡು, ಹಂಗ ಊರೊಳಗ ಹೋಗಿ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ನೋಡಿ ಬಾ. ನೀರಿಗೆ ಮಾತ್ರ ಬಿಡಬ್ಯಾಡ. ಗಟಾರ ನೀರು ಬಂದು ಬಂದು ಅಂತರಗಂಗಿ ಹಬ್ಬತೈತಿ, ತಗಸ್ತಾರ, ಮತ್ತ ಹಬ್ಬತೈತಿ. ಮ್ಯಾಲ ಹಸರು ಹಾಸಿದ್ದು ಕಂಡ್ರ ನಾಯಿ ಅದನ್ನ ನೆಲ ಅಂತ ತಿಳದು ಹಾರತೈತಿ. ಬೇರಿನ ಜಾಳಗ್ಯಾಗ ಕಾಲು ಸಿಕ್ಕರ ಎಂಥಾ ಈಸೂ ನಾಯಿನೂ ತಿರಗೂದು ಕಷ್ಟ.

— ಹಂಗಾದ್ರ ಅಡ್ಡ್ಯಾಡೂದನ್ನ ಮೊದಲ ಹೇಳ್ರಿ. ನೀವು ಈ ಮುಧೋಳ ನಾಯಿನ ಎಲ್ಲಿ ಕರಕೊಂಡು ಹೋಗ್ತೀರಿ?

— ಚಿಗರಿ ಪೂರ್ತಿ ಮುಧೋಳ ಅಲ್ಲ, ಅರ್ಧ ಓಣಿ ನಾಯಿ. ಆ ಹೆಸರ ಹುಬ್ಬಳ್ಳಿ-ಧಾರವಾಡ ಬಸ್ಸಿಗಿಡೂದಕ್ಕಿಂತ ಮೊದಲ ನಾ ಇದಕ್ಕಿಟ್ಟಿದ್ದೆ, ನೆನಪಿರ್ಲಿ. ಕೇಳಿಲ್ಲೆ. ಧಾರವಾಡ ಕುಂತಿದ್ದು ಎರಡು ನೆಲದ ಗಡಿಮ್ಯಾಲ. ಪಡುವಲಕ್ಕ ಕೆಲಗೇರಿ, ಹಳಿಯಾಳ ರೋಡು, ಅಳ್ನಾವರದ ಕಡೆ ಹೋದ್ರ ಕೆಂಪು ಮಣ್ಣು, ಮುರಮು, ಮಲೆನಾಡಿನ ಸೆರಗು. ಮೂಡಲಕ್ಕ ಅಮ್ಮಿನಬಾವಿ, ನವಲಗುಂದ, ಇತ್ತ ಹುಬ್ಬಳ್ಳಿ ದಾಟಿ ಕುಂದಗೋಳ ಅಂದ್ರ ಎರಿ, ಕರಿ ಮಣ್ಣು. ನಾಯಿ ಸಾಕಿದಾಂವ ಮೋಡ ನೋಡಿ ದಿಕ್ಕು ಆರಿಸ್ಕೋಬೇಕು. ಮಳಿ ಬಿದ್ದ ದಿನ ಕೆಂಪು ನೆಲಕ್ಕ ಹೋಗು, ತಾಸಿನ್ಯಾಗ ಬಸದು ಹೋಗಿರ್ತೈತಿ. ಎರಿಗೆ ಹೋದ್ಯೋ, ಹೆಜ್ಜಿ ಹೆಜ್ಜಿಗೆ ಮಣ್ಣು ಏರತೈತಿ. ನಾಯಿ ಬೆರಳ ಸಂದ್ಯಾಗ ಗುಂಡು ಕಟ್ಟಿ, ಒಣಗಿ, ಕಲ್ಲಾಗಿ ಕುಂದರತೈತಿ. ಆವಾಗ ಜಗ್ಗಿ ಕೀಳಬ್ಯಾಡ, ಕೂದಲಾ ಸಮೇತ ಕಿತ್ತು ಬರ್ತೈತಿ. ಬೆಚ್ಚಗಿನ ನೀರಿನ ಬುಟ್ಟ್ಯಾಗ ಕಾಲು ಅದ್ದಿಸಿ ನಿಲ್ಲಿಸು, ತಾನ ಬಿಡತೈತಿ.

— ಬ್ಯಾಸಗ್ಯಾಗ?

— ಬ್ಯಾಸಗ್ಯಾಗ ಎರಿ ನೆಲ ಬಾಯಿ ಬಿಟ್ಟಿರ್ತೈತಿ. ಸಣ್ಣ ಬಿರುಕಲ್ಲ, ಮುಂಗಾಲು ಪೂರ್ತಿ ಒಳಗ ಹೋಗೂವಷ್ಟು. ಓಡೂ ನಾಯಿ ಸಿಕ್ಕಿಬಿದ್ರ ಎಲುಬ ಮುರೀತೈತಿ. ಜ್ವಾಳಾ ಕೊಯ್ದ ಹೊಲದಾಗ ಕೂಳಿ ಸೂಜಿ ಹಾಂಗ ನಿಂತಿರ್ತಾವ, ಅಲ್ಲೂ ಬ್ಯಾಡ. ಬಂಡಿ ದಾರಿ ಹಿಡಿ. ನಸುಕಿನ್ಯಾಗ ಹೋಗಿ ಬಿಸಲು ಏರೂದ್ರೊಳಗ ತಿರಗು. ಡಾಂಬರಿನ ಮ್ಯಾಲ ನಿನ್ನ ಕೈ ಹಿಂಭಾಗ ಇಟ್ಟು ಏಳು ಎಣಸು. ಇಡಾಕ ಆಗಲಿಲ್ಲ ಅಂದ್ರ ಅದರ ಪಾದಕ್ಕೂ ಆಗೂದಿಲ್ಲ. ನೀ ಚಪ್ಪಲಿ ಹಾಕ್ಕೊಂಡು ಅದನ್ನ ಬರಿಗಾಲಿಲೆ ಎಳಕೊಂಡು ಹೋಗ್ತಿ, ನಿನಗ ಹ್ಯಾಂಗ ತಿಳೀಬೇಕು?

— ಅಂದ್ರ ಪಡುವಲ ಕಡೆನ ಚಲೋ ಅಂದಂಗಾತು.

— ಅಲ್ಲಿ ಉಣ್ಣಿ ಕಾಟ. ಮಳಿ ನಿಂತು ಹುಲ್ಲು ಬೆಳೀತಿದ್ದಂಗ ಒಂದೊಂದ ಎಸಳಿನ ತುದಿಗೆ ಕಾದು ಕುಂತಿರ್ತಾವ. ಮನಿಗೆ ಬಂದ ಮ್ಯಾಲ ಕಿವಿ ಒಳಗ, ಕೊರಳ ಕೆಳಗ, ಬೆರಳ ಸಂದಿ ಎಲ್ಲಾ ಕೈ ಆಡಿಸಿ ನೋಡೂದು. ಜ್ವರ ಬಂತು, ಕೂಳು ಬಿಡ್ತು, ಒಸಡು ಬೆಳ್ಳಗಾತು, ಮೂಗಿನ್ಯಾಗ ರಕ್ತ ಕಂಡೀತು ಅಂದ್ರ ಅವತ್ತ ದನದ ದವಾಖಾನಿಗೆ ಹೋಗು. ನಾಳೆ ನೋಡೂಣು ಅನ್ನಬ್ಯಾಡ. ಉಣ್ಣಿ ಜ್ವರ ನಾಳೆ ತನಕಾ ಕಾಯೂದಿಲ್ಲ.

— ಯುನಿವರ್ಸಿಟಿ ಒಳಗ? ಪಾವಟೆನಗರದಾಗ ಏನು ಗಿಡಾ, ಏನು ನೆಳ್ಳು!

— ಗಿಡಾ ಚಂದನ ಅದಾವ. ಆದ್ರ ಸುಪ್ರೀಂ ಕೋರ್ಟ್ 2025ರ ನವೆಂಬರ್ 7ಕ್ಕ ಆದೇಶ ಕೊಟ್ಟೈತಲಾ, ಸಾಲಿ-ಕಾಲೇಜು, ದವಾಖಾನಿ, ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಶನ್ ಆವಾರದಾಗಿನ ಬೀದಿ ನಾಯಿ ತಗೀರಿ ಅಂತ. ಅಂಥಾದ್ರಾಗ ಸಾಕಿದ ನಾಯಿ ತಂದು ಗಿಡದ ಬುಡಕ್ಕೆಲ್ಲಾ ಮೂಸಿಸಿದ್ರ ವಾಚ್‌ಮನ್ ಸುಮ್ನಿರ್ತಾನೇನು? ಕೇಳಿ ಹೋಗು. ಹೂಂ ಅಂದ್ರ ಹೋಗು, ಇಲ್ಲ ಅಂದ್ರ ತಿರಗು.

— ಬೀದಿ ನಾಯಿ ಅಂದಕೂಡ್ಲೆ ನನಗ ಜೀವ ಝಲ್ಲ್ ಅಂತೈತ್ರಿ. ನಮ್ಮ ಪೇಢಾನ ತಗೊಂಡು ಹೊಂಟ್ರ ಸಪ್ತಾಪುರದಿಂದ ಮಾಳಮಡ್ಡಿ ತನಕಾ ಪ್ರತಿ ತಿರುವಿಗೆ ಒಂದು ಗುಂಪು. ಒಂದು ಗುಂಪು ಬಿಟ್ಟಲ್ಲೆ ಇನ್ನೊಂದು ಹಿಡೀತೈತಿ.

— ಹಿಡೀದ ಮತ್ತೇನು ಮಾಡೀತು? ಆ ಓಣಿ ಅವುಗಳದ. ನೀ ಅವರ ಮನಿ ಪಡಸಾಲ್ಯಾಗ ನಿನ್ನ ನೆಂಟನ್ನ ನುಗ್ಗಿಸ್ಕೊಂಡು ಹೊಂಟೀದಿ. ಎರಡು ಕೆಲಸ ಮಾಡು. ದಿನಾ ಅದ ದಾರಿ, ಅದ ಹೊತ್ತು. ಮೊದಲ ಬೊಗಳ್ತಾವ, ಆಮ್ಯಾಲ ಎದ್ದು ನೋಡ್ತಾವ, ಕಡೀಕ ಮಲಕೊಂಡಲ್ಲೆ ಕಿವಿ ಅಷ್ಟ ಆಡಸ್ತಾವ. ಎರಡನೇದು, ಕಿವಿ ನೋಡು. ಒಂದು ಕಿವಿ ತುದಿ ಕತ್ತರಿಸಿದ್ದು ಕಂಡ್ರ ಅದಕ್ಕ ಸಂತಾನಹರಣ ಆಗೇತಿ, ಹುಚ್ಚು ನಾಯಿ ರೋಗದ ಸೂಜಿನೂ ಬಿದ್ದೈತಿ ಅಂತ ಅರ್ಥ. ಅಂಥಾವು ಇರೂ ಓಣಿ ಜರಾ ತಣ್ಣಗಿರ್ತೈತಿ. ಮತ್ತ ಅವಕ್ಕ ಬಿಸ್ಕೀಟು ಒಗದು ಲಂಚ ಕೊಡೂ ಆಟ ಈಗ ನಡ್ಯೂದಿಲ್ಲ. ಊಟ ಹಾಕೂದಿದ್ರ ಪಾಲಿಕಿ ತೋರಿಸಿದ ಜಾಗಾದಾಗ ಹಾಕ್ರಿ, ಕಂಡಲ್ಲಿ ರೋಡಿನ್ಯಾಗ ಬ್ಯಾಡ ಅಂತ ಆ ವರ್ಷದ ಆಗಸ್ಟಿನ್ಯಾಗನ ಕೋರ್ಟು ಹೇಳೈತಿ.

— ನೃಪತುಂಗ ಬೆಟ್ಟಕ್ಕ ಕಾರಿನ್ಯಾಗ ಕರಕೊಂಡು ಹೋಗ್ಲೇನು? ಅಲ್ಲಿ ಗಾಳಿ ಚಲೋ.

— ಮ್ಯಾಲ ನಿಂತ್ರ ಹುಬ್ಬಳ್ಳಿ ಪೂರ್ತಿ ಕಾಣ್ತೈತಿ, ಹೌದು. ಆದ್ರ 2021ರ ಸೆಪ್ಟೆಂಬರಿನ್ಯಾಗ ಅಲ್ಲೆ ಚಿರತಿ ಕಂಡಿತ್ತು, ಗೊತ್ತೈತೇನು? ರಾಜನಗರದ ಕಡೆ ಸಾಲಿ ಬಂದ್ ಮಾಡಿಸಿದ್ರು. ಅದ ತಿಂಗಳ ಧಾರವಾಡದ ಹತ್ತರ ಕವಲಗೇರ್‍ಯಾಗ ಒಂದು ಚಿರತಿ ಬೋನಿಗೆ ಬಿತ್ತು. ಚಿರತಿಗೆ ಊರ ಹತ್ತರ ಬರೂ ಆಸೆ ಹಚ್ಚೂದ ನಾಯಿ. ಹೋಗಬ್ಯಾಡ ಅನ್ನೂದಿಲ್ಲ. ಬೆಳಕು ಪೂರ್ತಿ ಹರದ ಮ್ಯಾಲ, ಪಟ್ಟಾ ಕೈಯಾಗ ಇಟ್ಟುಕೊಂಡು, ಮಂದಿ ಇದ್ದಲ್ಲೆ.

— ಆತ್ರಿ. ಈಗ ನೀರಿಗೆ ಬರೂಣ್ರಿ. ಇದಕ್ಕ ನೀರು ಕಂಡ್ರ ಹುಚ್ಚು. ಬಕೀಟಿನ್ಯಾಗ ಸೈತ ಮೂತಿ ಅದ್ದತೈತಿ.

— ಅದರ ಹಿರ್‍ಯಾರು ಕೆನಡಾದ ಮೂಡಲ ದಂಡಿ, ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ನಾಯಿ. ಬಲಿ ಹಗ್ಗ ಜಗ್ಗೂದು, ತಪ್ಪಿಸ್ಕೊಂಡ ಮೀನ ಹಿಡದು ತರೂದು, ಅದ ಅವುಗಳ ಕೆಲಸ. ಕಾಲ ಬೆರಳ ನಡುವ ಚರ್ಮ ಹರವಿ ನೋಡು, ಬಾತುಕೋಳಿಗೆ ಇದ್ದಂಗ ಐತಿ. ಎರಡು ಪದರ ಕೂದಲಾ, ಒಳಗಿನದಕ್ಕ ಎಣ್ಣಿ ಹಚ್ಚಿದಂಥಾ ಜಿಡ್ಡು. ಅಲ್ಲಿ ಹಿಮದ ನೀರಿಗೆ ದೇವರು ಕೊಟ್ಟ ಕೋಟು ಅದು, ನಮ್ಮ ಶ್ರಾವಣದಾಗ ಮೂರು ದಿನಾ ಒಣಗೂದಿಲ್ಲ. ನಮ್ಮ ಚಿಗರಿ ನೋಡು, ಮೈಮ್ಯಾಲ ಕೊಬ್ಬಿಲ್ಲ, ಕೂದಲಾ ಅಂತೂ ಹೆಸರಿಗೆ. ಮುಧೋಳದ ತಳಿ ಬಯಲಾಗ ಮೊಲದ ಬೆನ್ನ ಹತ್ತಾಕ ಹುಟ್ಟಿದ್ದು. ನೀರಿಗೆ ಬಿಟ್ರ ಮಣಕಾಲ ತನಕಾ ಇಳದು ನನ್ನ ಮಾರಿ ನೋಡ್ತೈತಿ, ‘ಇಷ್ಟ ಸಾಕಲಾ’ ಅನ್ನೂಹಂಗ.

— ಆ ತಳಿ ನಾಯಿನ ಮುಧೋಳ ರಾಜರು ಇಂಗ್ಲೆಂಡಿನ ದೊರಿಗೆ ಕೊಟ್ಟಿದ್ರಂತಲ್ರಿ?

— ಮಾಲೋಜಿರಾವ್ ಘೋರ್ಪಡೆ, ಐದನೇ ಜಾರ್ಜಗ. 2005ರಾಗ ಅಂಚೆ ಇಲಾಖೆಯವರು ಅದರ ಅಂಚೆ ಚೀಟಿನೂ ತಂದ್ರು. ತಿಮ್ಮಾಪುರದಾಗ ಪಶು ವಿಶ್ವವಿದ್ಯಾಲಯದ ನಾಯಿ ಕೇಂದ್ರ ಐತಿ, ಮುಧೋಳದ ಕಡೆ ಹೋದಾಗ ನೋಡು. ಆದ್ರ ನಿನ್ನ ಪ್ರಶ್ನೆ ನೀರಿಂದೈತಲಾ, ಅದನ್ನ ಹೇಳ್ತೀನಿ. ನೀ ಹಳಿಯಾಳ ರೋಡಿಗೆ ಅಡ್ಡ್ಯಾಡಾಕ ಹೋದಾಗ ಹೊಲದಾಗ ಚೌಕ ಹೊಂಡ ಕಂಡ್ಯೇನು? ತಿಳಿ ನೀರು, ಒಂದು ಎಲಿ ಬಿದ್ದಿರೂದಿಲ್ಲ?

— ಕಂಡೀನ್ರಿ! ಅದನ್ನ ಕೇಳೂದಿತ್ತು ನೋಡ್ರಿ. ಈಜುಕೊಳ ಇದ್ದಂಗ ಐತಿ. ಹೊಲದಾವ್ರನ್ನ ಕೇಳಿ ಒಂದ್ ಸಲ ಬಿಡೂಣು ಅಂತ…

— ಬಿಡಬ್ಯಾಡ. ಕೈ ಮುಗದು ಹೇಳ್ತೀನಿ, ಅದರ ಹತ್ತರಾನೂ ಸುಳೀಬ್ಯಾಡ. ಈ ಜಿಲ್ಲಾದಾಗ ನಾಯಿಗೆ ಅದಕ್ಕಿಂತ ಕೆಟ್ಟ ನೀರಿಲ್ಲ.

— ಅಷ್ಟು ತಿಳಿ ಐತಲ್ರಿ?

— ತಿಳಿ ಇದ್ದದ್ದಕ್ಕನ ಮೋಸ. ಅದು ಕೃಷಿ ಹೊಂಡ. 2014ರಾಗ ಕೃಷಿ ಭಾಗ್ಯ ಬಂದ ಮ್ಯಾಲ ಮಳಿ ನಂಬಿದ ರೈತರು ಹೊಲದಾಗ ಹೊಂಡ ತೋಡಿಸಿದ್ರು. ಬೆಳಿಗೆ ನೀರು ತಪ್ಪಿದಾಗ ಒಂದೆರಡು ಸಲ ಹಾಯಿಸ್ಕೊಳ್ಳಾಕ. ಅದರಿಂದ ಭಾಳ ಹೊಲ ಉಳದಾವ, ಯೋಜನಾನ್ನ ಬೈಯೂದಿಲ್ಲ ನಾ. ಎರಿ ನೆಲ ನೀರು ಹಿಡಕೊಂತೈತಿ, ಕೆಂಪು ನೆಲ ಕುಡದು ಬಿಡ್ತೈತಿ. ಅದಕ್ಕ ಇತ್ತಕಡೆ ಹೊಂಡದ ತಳಾ, ಗ್ವಾಡಿ ಎಲ್ಲಾ ಪ್ಲಾಸ್ಟಿಕ್ ಹಾಳಿ ಹಾಸ್ತಾರ. ಗ್ವಾಡಿ ಇಳಕಲ, ಹಾಳಿ ನುಣುಪು, ಅದರ ಮ್ಯಾಲ ಸಣ್ಣಗ ಪಾಚಿ. ನಾಯಿ ಇಳದು ಬಿಡ್ತೈತಿ, ಚಂದ ಈಸ್ತೈತಿ. ಹತ್ತಾಕ ಬಂದಾಗ ಉಗರು ಹಿಡೂದಿಲ್ಲ. ಜಾರತೈತಿ, ಮತ್ತ ಹತ್ತತೈತಿ, ಮತ್ತ ಜಾರತೈತಿ. ನಾಯಿಗೆ ಇನ್ನೊಂದು ದಂಡಿ ನೋಡೂ ಬುದ್ಧಿ ಬರೂದಿಲ್ಲ, ನೀ ಎಲ್ಲಿ ನಿಂತಿರ್ತಿ ಅಲ್ಲೇ ಹತ್ತಾಕ ನೋಡ್ತೈತಿ. ಈಸಾಕ ಬರದ ನಾಯಿ ಅಲ್ಲಿ ಸಾಯೂದು ಕಡಿಮಿ, ಅದು ಇಳಿಯೂದ ಇಲ್ಲ. ಸಾಯೂದು ಈಸಾಕ ಬರೂ ನಾಯಿ.

— ಬಿದ್ದರ ಏನು ಮಾಡಬೇಕ್ರಿ?

— ನೀ ಹಾರಬ್ಯಾಡ. ಅಲ್ಲಿ ಮನಶ್ಯಾನೂ ಹತ್ತಾಕ ಬರೂದಿಲ್ಲ. ಹಂಗ ಹಾರಿ ತಾಯಿ-ಮಕ್ಕಳು ಹೋದ ಸುದ್ದಿ ಪೇಪರಿನ್ಯಾಗ ಬರ್ತಾವ. ಹಗ್ಗ, ಸೀರಿ, ನಿಚ್ಚಣಕಿ, ಏನು ಸಿಕ್ತೈತಿ ಅದನ್ನ ಇಳಿಬಿಡು. ಶಾಣ್ಯಾ ರೈತರು ಒಂದು ಮೂಲ್ಯಾಗ ಗಂಟು ಹಾಕಿದ ಹಗ್ಗಾನೋ ಹಳೀ ಟೈರಿನ ಸರಾನೋ ಕಾಯಂ ಇಳಿಬಿಟ್ಟಿರ್ತಾರ. ಹಂದಿ, ನರಿ, ಹಾವರಾಣಿ, ಎಲ್ಲಾಕ್ಕೂ ಅದ ದಾರಿ. ಸುತ್ತ ಬೇಲಿ ಗಟ್ಟಿ ಇದ್ರ ಪಾಡ, ಕಿತ್ತು ಹೋಗಿದ್ರ ನಿನ್ನ ನಾಯಿನ ಬಿಚ್ಚಬ್ಯಾಡ. ಇದ ಮಾತು ಕಲ್ಲಿನ ಕ್ವಾರಿಗೂ, ಮೆಟ್ಟಲಿಲ್ಲದ ಬಾವಿಗೂ, ನವಲಗುಂದದ ಕಡೆ ಸಿಮೆಂಟ್ ಹಾಕಿದ ಮಲಪ್ರಭಾ ಕಾಲುವಿಗೂ. ಕಾಲುವ್ಯಾಗ ಹರಿವು ಬ್ಯಾರೆ ಇರ್ತೈತಿ, ದಂಡಿ ಹಿಡಿಯೂದ್ರೊಳಗ ಅರ್ಧ ಮೈಲಿ ಒಯ್ದು ಬಿಡ್ತೈತಿ. ನೀರು ನೋಡೂಕಿಂತ ಮೊದಲ ದಂಡಿ ನೋಡು ತಮ್ಮಾ. ಇಳದದ್ದು ತಾನ ಹತ್ತಿ ಬರೂಹಂಗಿದ್ರ ಆಮ್ಯಾಲ ನೀರಿನ ವಿಚಾರ.

— ಅಂದ್ರ ಹಳೀ ಕೆರಿನ ಪಾಡ ಅಂತೀರಿ. ಕೆಲಗೇರಿ?

— ಹಳೀ ಕೆರಿ ಕಟ್ಟಿದಾವ್ರು ನಾಯಿ ಸಲುವಾಗಿ ಏನು ಕಟ್ಟಿರ್ಲಿಲ್ಲ. ಆದ್ರ ಕೆರಿ ಅಂದ್ರ ಒಂದು ಕಡೆ ಏರಿ, ಎದುರಿಗೆ ನೆಲ ತಾನ ಸಾವಕಾಶ ನೀರಿಗೆ ಇಳದಿರ್ತೈತಿ. ಏರಿ ಕಡೆ ಆಳ, ಎದುರು ದಂಡಿ ಮಣಕಾಲು, ತೊಡಿ, ಎದಿ, ಹಂಗ ಹಂತ ಹಂತಕ್ಕ. ಎಮ್ಮಿ ಇಳ್ಯೂದು ಅಲ್ಲೆ, ನಾಯಿನೂ ಅಲ್ಲೆ. ಕೆಲಗೇರಿ ಕೆರಿ ಒಂದು ಕಾಲಕ್ಕ ಧಾರವಾಡಕ್ಕ ಕುಡ್ಯೂ ನೀರು ಕೊಟ್ಟಿದ್ದು. ಈಗ ಊರು ಕುಡಿಯೂದು ಸವದತ್ತಿ ಕಡೆಯಿಂದ ಬರೂ ಮಲಪ್ರಭಾ. ಮುಂಜಾನಿ ಏರಿಮ್ಯಾಲ ನಡ್ಯಾಕ ಹೋದ್ರ ಹಕ್ಕಿ ನೋಡೂ ಮಂದಿ ದುರ್ಬೀನು ಹಿಡಕೊಂಡು ನಿಂತಿರ್ತಾರ. ಅವರ ಮುಂದ ಪೇಢಾನ ಬಾತಿನ ಹಿಂಡಿಗೆ ಬಿಟ್ರ ನಿನಗ ಮಂಗಳಾರತಿ.

— ಹುಬ್ಬಳ್ಳಿಯವರ ನೀರಸಾಗರ ಭಾಳ ದೊಡ್ಡದೈತಂತ…

— ದುಮ್ಮವಾಡದ ಹತ್ತರ, ಬೇಡ್ತಿ ಹಳ್ಳಕ್ಕ ಕಟ್ಟಿದ್ದು. ಮಳಿ ಕೈಕೊಟ್ಟ ವರ್ಷ ತಳಾ ಕಾಣಿಸಿ ಹುಬ್ಬಳ್ಳಿ ಮಂದಿ ಕೊಡಾ ಹಿಡಕೊಂಡು ಕುಂತಿದ್ರು. ಅದು ಮಂದಿ ಕುಡ್ಯಾಕ ಅಂತ ಕಟ್ಟಿದ ನೀರು. ಅದರಾಗ ನಾಯಿ ತೊಳ್ಯೂದು ನನ್ನ ಮನಸ್ಸಿಗೆ ಬರೂದಿಲ್ಲ, ಯಾರು ನೋಡ್ಲಿ ಬಿಡ್ಲಿ.

— ಎಲ್ಲಾದಕ್ಕೂ ಬ್ಯಾಡ ಅಂತೀರಿ ಮೌಶಿ. ಒಂದಕ್ಕಾದ್ರೂ ಹೂಂ ಅನ್ರಿ.

— ಅಂತೀನಿ ತಡಿ. ಕುರುಬರ ನಾಯಿ ನೋಡಿಯೇನು ನೀ? ಸುಗ್ಗಿ ಮುಗದ ಮ್ಯಾಲ ಕುರಿ ಹಿಂಡು ಎರಿ ಸೀಮಿಗೆ ಬರ್ತಾವ, ರಾತ್ರಿ ಹೊಲದಾಗ ತರಬ್ತಾರ, ಹೊಲಕ್ಕ ಗೊಬ್ಬರ, ಕುರುಬಗ ಕಾಳು-ರೊಕ್ಕ. ಆ ನಾಯಿ ಹಗಲೆಲ್ಲಾ ನಡೀತೈತಿ, ರಾತ್ರಿಯೆಲ್ಲಾ ತೋಳಕ್ಕ ಕಾಯ್ತೈತಿ. ಹಳ್ಳ ಬಂದಲ್ಲೆ ಕುರಿ ಹಿಂದ ತಾನೂ ದಾಟತೈತಿ. ಕಟ್ಟಿ ಹಾಕೂದಿಲ್ಲ, ‘ವಾಕಿಂಗ್’ ಅನ್ನೂದಿಲ್ಲ. ದೇವರಗುಡ್ಡ, ಮೈಲಾರಕ್ಕ ಹೋಗಿ ನೋಡು, ಗೊರವಪ್ಪಗೋಳು ಮೈಲಾರಲಿಂಗನ ನಾಯಿ ನಾವು ಅಂತ ಬೊಗಳಿ, ದೋಣ್ಯಾಗಿಂದು ಬಾಯಿಲೆ ಉಣ್ತಾರ.

— ನಮ್ಮ ಮನಿ ಮಾಲಕರು ಪೇಢಾನ ಪಡಸಾಲಿಗೂ ಬಿಡೂದಿಲ್ಲ, ಆದ್ರ ವರ್ಷಾ ಮೈಲಾರಕ್ಕ ಮಾತ್ರ ತಪ್ಪದ ಹೋಗ್ತಾರ.

— ಮಾಲಕರ ಸುದ್ದಿ ನನಗ ಹೇಳಬ್ಯಾಡ, ನಾಳೆ ಅವರ ಹೇಣ್ತಿ ಕೂಡ ನನಗ ಸಂತಿಗೆ ಹೋಗೂದೈತಿ. ಕುರುಬರ ನಾಯಿ ಯಾಕ ಹೇಳಿದೆ ಅಂದ್ರ, ಅವು ಇಳಿಯೂದು ಹರಿಯೂ ಹಳ್ಳಕ್ಕ. ನಿಂತ ನೀರು ಕಂಡ್ರ ದಂಡ್ಯಾಗ ನಿಂತು ಮೂಸಿ, ಒಮ್ಮೊಮ್ಮೆ ತಿರಗಿ ಬರ್ತಾವ. ನಿನ್ನ ಪೇಢಾಗ ಆ ಶಾಣ್ಯಾತನ ಇಲ್ಲ, ಅದರ ಪರವಾಗಿ ನೀ ಮೂಸಬೇಕು. ಶಿವರಾತ್ರಿ ದಾಟಿದ ಮ್ಯಾಲ ಕೆರಿ ನೀರು ಹಸರು ಬಣ್ಣ ಕಲಸಿದಂಗ ಆಗಿದ್ರ ಮುಟ್ಟಿಸಬ್ಯಾಡ. ಆ ಪಾಚ್ಯಾಗ ಒಂದು ಜಾತಿ ವಿಷ ಇರ್ತೈತಿ, ಮೈಗೆ ಹತ್ತಿದ್ದು ನೆಕ್ಕಿದ್ರೂ ನಾಯಿ ತಾಸಿನ್ಯಾಗ ಹೋಗಿಬಿಡಬಹುದು. ಗಣಪತಿ ಬಿಟ್ಟ ಮ್ಯಾಲ ಒಂದಷ್ಟು ದಿನಾ ಬ್ಯಾಡ, ತಳದಾಗ ತಂತಿ, ಕಟಿಗಿ, ಮೊಳಿ ಇರ್ತಾವ. ಮೀನಿನ ಟೆಂಡರ್ ಆದ ಕೆರ್‍ಯಾಗ ಬಲಿ ಎಲ್ಲೈತಿ ಅಂತ ಕೇಳಿ ಬಿಡು. ಇಲಿ ಉಚ್ಚಿ ಬೆರತ ನಿಂತ ನೀರಿನಿಂದ ಇಲಿ ಜ್ವರ ಬರ್ತೈತಿ, ನಾಯಿಗೂ ನಿನಗೂ. ಅದರ ಲಸಿಕಿ ವರ್ಷಾ ಹಾಕಸ್ತೀಯಿಲ್ಲೋ?

— ಹಾಕಸ್ತೀನ್ರಿ. ಪುಸ್ತಕದಾಗ ಸಿಕ್ಕಾನೂ ಐತಿ.

— ಹಂಗಾದ್ರ ಕೇಳು. ಮಳಿ ಕಡಿಮಿ ಆಗಿ ಕೆಸರು ಕುಂತ ಮ್ಯಾಲ, ದಸರಾ-ದೀಪಾವಳಿ ಹೊತ್ತಿಗೆ, ಕಲಘಟಗಿ ದಾಟಿ ಬೇಡ್ತಿ ಹಳ್ಳದ ಕಡೆ ಹೋಗೂಣು. ಬ್ಯಾಸಗಿಗೆ ಬತ್ತತೈತಿ, ಜುಲೈ-ಆಗಸ್ಟಿನ್ಯಾಗ ಹತ್ತರ ಹೋಗೂಹಂಗಿಲ್ಲ. ನಡುವಿನ ಈ ಎರಡು-ಮೂರು ತಿಂಗಳ ಅದರ ಸುಗ್ಗಿ. ಉಸುಕಿನ ದಂಡಿ, ಮಣಕಾಲ ನೀರು, ಮುಂದ ಒಂದೀಟು ಮಡು. ಅಳ್ನಾವರ ದಾರಿಗೆ ಹುಲಿಕೇರಿ ಕೆರಿನೂ ದೊಡ್ಡದು, ಚಂದ ಐತಿ, ಆದ್ರ ಅದು ಅಡವಿ ಸೆರಗು. ಅಲ್ಲಿ ಚಿಗರಿನ ಬಿಚ್ಚೂ ಧೈರ್ಯ ನನಗಿಲ್ಲ.

— ಏನೇನು ತಗೊಂಡು ಬರ್ಲಿ?

— ಎದಿಗೆ ಹಾಕೂ ಪಟ್ಟಾ, ಕೊರಳದ್ದಲ್ಲ. ಹತ್ತು ಮೀಟರಿನ ಹಗ್ಗ, ಮೊದಲ ಸಲ ಅದನ್ನ ಬಿಚ್ಚೂಹಂಗಿಲ್ಲ. ಕುಡ್ಯಾಕ ಮನಿ ನೀರು, ಇಲ್ಲಂದ್ರ ಹಳ್ಳದ್ದನ್ನ ಕುಡೀತೈತಿ. ಕಟಿಗಿ ಒಗದು ತರಿಸೂ ಆಟ ಎಂಟು-ಹತ್ತು ಸಲಕ್ಕ ಮುಗಸು. ಪ್ರತಿ ಸಲ ಬಾಯಿ ತಗದು ಹಿಡೂದ್ರಾಗ ನೀರು ಹೊಟ್ಟಿಗೆ ಹೋಗ್ತೈತಿ. ಭಾಳ ಹೋದ್ರ ರಕ್ತದಾಗಿನ ಉಪ್ಪು ತೆಳ್ಳಗಾಗಿ ನಾಯಿ ತೂರಾಡತೈತಿ, ವಾಂತಿ ಮಾಡ್ತೈತಿ, ಸಾಯೂದೂ ಉಂಟು. ಮತ್ತ ಕಿವಿ! ಜೋತಬಿದ್ದ ಕಿವಿ ಇದರದು. ಹಳೀ ಪಂಚಿ ತುಂಡು ತಗೊಂಡು ಬಾ, ಹೊರಗ ಬಂದಕೂಡ್ಲೆ ಕಿವಿ ಮಡಚಿ ಒರಸಬೇಕು. ಇಲ್ಲಂದ್ರ ಹದಿನೈದು ದಿನಕ್ಕ ನಾತ ಹೊಡ್ಯಾಕ ಹತ್ತತೈತಿ, ನೀ ದವಾಖಾನಿ ಪಾಳಿ ಹಚ್ತಿ.

— ರವಿವಾರ ಹೋಗೂಣೇನ್ರಿ?

— ರವಿವಾರ ಬ್ಯಾಡ. ಟ್ರ್ಯಾಕ್ಟರ್ ತೊಳ್ಯಾವ್ರು, ಪಾರ್ಟಿ ಮಾಡಾವ್ರು, ಒಡದ ಬಾಟ್ಲಿ. ನಡುವಾರದಾಗ ರಜಾ ಹಾಕು, ನಸುಕಿನ್ಯಾಗ ಬಿಡೂಣು. ನಾಷ್ಟಾಕ ರೊಟ್ಟಿ-ಪಲ್ಲೆ ನಾ ಕಟಗೊಂಡು ಬರ್ತೀನಿ.

— ಗಾಡಿ ನಂದ ತರ್ತೀನ್ರಿ. ಹಿಂದಿನ ಸೀಟಿನ್ಯಾಗ ಎರಡೂ ನಾಯಿ ಹಿಡಿತಾವ.

— ತರು, ಆದ್ರ ಸೀಟಿಗೆ ಕಂಬಳಿ ಹಾಸು. ಚಿಗರಿ ಗಾಡ್ಯಾಗ ವಾಂತಿ ಮಾಡ್ಕೊಂತೈತಿ.